ಚಿಕ್ಕತಾಯಮ್ಮ ಆಡಿದ ಮಾತು, ನಾನು ಓದಿದ ಹಾಳೆ

ಸ್ವಿಟ್ಜರ್ಲೆಂಡಿಗೆ ಹೋಗಿಬಂದವನು ಎಂದು ಕೃಷ್ಣರಾಜನಗರದ ನಮ್ಮ ಬೀದಿಯಲ್ಲಿ ನನಗೆ ಇವತ್ತಿಗೂ ಒಂದು ಹೆಸರಿದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಆ ಮಾತು ಎತ್ತುತ್ತಾರೆ. ನಾನು ಹಿಮದ ಬಗ್ಗೆ, ನಿಮಿಷ ತಪ್ಪದೆ ಬರುವ ರೈಲಿನ ಬಗ್ಗೆ ಹೇಳುತ್ತೇನೆ. ಜೊತೆಯಲ್ಲಿ ಯಾರು ಬಂದಿದ್ದರು ಎಂದರೆ ಆಫೀಸಿನವರು ಎಂದು ಹೇಳಿ, ಸಾರು ಹಾಕಿಸಿಕೊಳ್ಳುತ್ತೇನೆ. ಅದು ಪೂರ್ತಿ ನಿಜವಲ್ಲ. ನನ್ನ ಪಕ್ಕದ ಸೀಟಿನಲ್ಲಿ ಕೂತು ಬಂದವರು ಗುರುಪುರದ ಪಕ್ಕದ ಹಳ್ಳಿಯ ಚಿಕ್ಕತಾಯಮ್ಮ. ಅವರ ಹೆಸರು ಬಂದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ. ಈಗ ನಿವೃತ್ತನಾಗಿದ್ದೇನೆ, ಹೇಳುತ್ತೇನೆ.

ನಾನು ಹೊಗೆಸೊಪ್ಪು ಕೊಳ್ಳುವ ಒಂದು ದೊಡ್ಡ ಕಂಪನಿಯಲ್ಲಿ ಫೀಲ್ಡ್ ಆಫೀಸರ್ ಆಗಿದ್ದೆ. ಹುಣಸೂರು ತಾಲ್ಲೂಕಿನ ಹಳ್ಳಿಗಳನ್ನು ಮೋಟಾರ್ ಬೈಕಿನಲ್ಲಿ ಸುತ್ತುವುದು ನನ್ನ ಕೆಲಸ. ಹೊಗೆಸೊಪ್ಪನ್ನು ಬ್ಯಾರನ್‌ನಲ್ಲಿ ಬೇಯಿಸಲು, ಎಂದರೆ ಬೆಂಕಿಯ ಶಾಖದ ಗೂಡಿನಲ್ಲಿ ಒಣಗಿಸಲು, ಸೌದೆ ಬೇಕು, ಸೌದೆಗೆ ಮರ ಬೇಕು. ಮರ ಕಡಿಸಿದ ಅಪವಾದ ಕಂಪನಿಯ ತಲೆಗೆ ಬರತೊಡಗಿದಾಗ ರೈತರಿಗೆ ಸಸಿ ಹಂಚುವ ಕಾರ್ಯಕ್ರಮ ಶುರುವಾಯಿತು. ಅದರ ಹಿಂದೆಯೇ ಕಂಪನಿ ಒಂದೊಂದಾಗಿ ಪರಿಸರದ ಒಕ್ಕೂಟಗಳಿಗೆ ಸೇರಿಕೊಂಡಿತು. ಕಾಡಿನದು ಒಂದು, ನೀರಿನದು ಒಂದು, ಮಣ್ಣಿನದು ಇನ್ನೊಂದು. ನಮ್ಮ ಕಚೇರಿಯ ಗೋಡೆಯಲ್ಲಿ ಪ್ರಮಾಣಪತ್ರ ತೂಗುಹಾಕಲು ಮೊಳೆ ಹೊಡೆದವನು ನಾನೇ.

ಇಪ್ಪತ್ತು ವರ್ಷದ ಹಿಂದೆ ಅಂಥದೊಂದು ಒಕ್ಕೂಟದ ಸಭೆ ಸ್ವಿಟ್ಜರ್ಲೆಂಡಿನಲ್ಲಿ ನಡೆಯಿತು. ಸಸಿ ನೆಟ್ಟ ರೈತ ಮಹಿಳೆಯೊಬ್ಬರು ಬಂದು ಮಾತಾಡಿದರೆ ಚೆನ್ನ ಎಂದು ಮೇಲಿನವರಿಗೆ ಅನ್ನಿಸಿತು. ಯಾರು ಎಂದು ನನ್ನನ್ನು ಕೇಳಿದರು. ಚಿಕ್ಕತಾಯಮ್ಮನ ಹೆಸರು ಕೊಟ್ಟೆ. ಐವತ್ತೈದರ ಹೆಂಗಸು, ಊರಿನ ಮಹಿಳಾ ಸಂಘದ ಮುಂದಾಳು, ಮಾತಿಗೆ ಅಂಜದವರು. ಅವರ ಹೊಲದ ಬದುವಿನಲ್ಲಿ ನಮ್ಮ ಕಂಪನಿಯ ಬೋರ್ಡೂ ಇತ್ತು. ಬೋರ್ಡಿನ ಹಿಂದೆ ಎಷ್ಟು ಗಿಡ ಉಳಿದಿವೆ ಎಂದು ನನಗೆ ಗೊತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಫ್ರಾಂಕ್‌ಫರ್ಟ್

ವಿಮಾನ ಬದಲಿಸಲು ಫ್ರಾಂಕ್‌ಫರ್ಟ್‌ನಲ್ಲಿ ಇಳಿದೆವು. ಚಿಕ್ಕತಾಯಮ್ಮ ದಾರಿಯುದ್ದಕ್ಕೂ ಎಲೆಅಡಿಕೆ ಹಾಕಿದ್ದರು. ವಿಮಾನದಲ್ಲಿ ರಸ ಎಲ್ಲಿ ಉಗಿದರೋ ನಾನು ಕೇಳಲಿಲ್ಲ. ನಿಲ್ದಾಣದಲ್ಲಿ ಬಾಯಿ ತುಂಬಿಕೊಂಡು, ಕೈಸನ್ನೆಯಲ್ಲೇ ಎಲ್ಲಿ ಎಂದು ಕೇಳಿದರು. ಕನ್ನಡಿಯಂಥ ನೆಲ. ಸೂಟು ಹಾಕಿದವರು ಚಕ್ರದ ಪೆಟ್ಟಿಗೆ ಎಳೆದುಕೊಂಡು ಓಡುತ್ತಿದ್ದರು. ಕೊನೆಗೆ ಅವರು ಒಂದು ಹೂಕುಂಡದ ಹತ್ತಿರ ಬಗ್ಗಿದರು. ಅದರಲ್ಲಿದ್ದ ಗಿಡ ಪ್ಲಾಸ್ಟಿಕ್ಕಿನದು ಎಂದು ಆಗಲೇ ನಮಗೆ ಗೊತ್ತಾದದ್ದು.

ಕೆಂಪು ಅಂಚಿನ ಸೀರೆ, ಅದರ ಮೇಲೆ ನನ್ನ ಹೆಂಡತಿ ಕೊಟ್ಟ ಸ್ವೆಟರು, ಹೆಬ್ಬೆರಳು ಹೊರಗಿಣುಕುವ ಚಪ್ಪಲಿ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರೆ ಎಂದು ನನಗೆ ಅನ್ನಿಸಿತು. ನಾನು ನಾಲ್ಕು ಹೆಜ್ಜೆ ಮುಂದೆ ನಡೆಯತೊಡಗಿದೆ, ಬೇರೆ ಯಾರೋ ಎನ್ನುವ ಹಾಗೆ. ಅವರು ಹಿಂದಿನಿಂದ ಗಟ್ಟಿ ದನಿಯಲ್ಲಿ, ಹೊಲದಲ್ಲಿ ಕೂಗಿದ ಹಾಗೆ, ಸಾರ್, ನಿಧಾನುಕ್ ನಡೀರಿ, ಕಾಲು ಜಾರ್ತದೆ ಎಂದು ಕೂಗಿದರು. ನಾನು ನಿಲ್ಲಲಿಲ್ಲ. ಆ ಪ್ರಯಾಣದಲ್ಲಿ ನಾನು ಮೊದಲು ನಾಚಿಕೊಂಡದ್ದು ಅವರ ಸಲುವಾಗಿ. ಈಗ ನೆನೆದರೆ ಆ ನಾಚಿಕೆಯೂ ನನ್ನದೇ ಲೆಕ್ಕಕ್ಕೆ ಸೇರುತ್ತದೆ.

ರೈಲಿನ ಕಿಟಕಿ

ಜೂರಿಚ್‌ನಿಂದ ಸಭೆಯ ಊರಿಗೆ ಒಂದು ದೊಡ್ಡ ಸರೋವರದ ಅಂಚಿನಲ್ಲೇ ರೈಲು ಹೋಗುತ್ತದೆ. ನವೆಂಬರ್ ತಿಂಗಳು. ದೂರದ ಬೆಟ್ಟಗಳ ತಲೆ ಬೆಳ್ಳಗಾಗಿತ್ತು. ನಾನು ಬೆಟ್ಟ ತೋರಿಸಿದೆ. ಚಿಕ್ಕತಾಯಮ್ಮ ನೋಡುತ್ತಿದ್ದುದೇ ಬೇರೆ. ಅಲ್ಲಿ ಹಳ್ಳಿಮನೆಗಳ ಗೋಡೆಗೆ ಒತ್ತಿಕೊಂಡಂತೆ ಸೌದೆಯನ್ನು ಒಟ್ಟಿರುತ್ತಾರೆ. ಒಂದೇ ಅಳತೆಗೆ ಸೀಳಿ, ಇಟ್ಟಿಗೆ ಜೋಡಿಸಿದ ಹಾಗೆ, ಮೇಲೊಂದು ತಗಡು.

“ಇಷ್ಟೊಂದ್ ಸೌದೆ ಮಡಗವ್ರಲ್ಲ ಸಾರ್, ಇವ್ರಿಗೂ ಬ್ಯಾರನ್ ಇದ್ದಾವಾ?” ಎಂದು ಕೇಳಿದರು.

ಚಳಿ ಕಾಯಿಸಿಕೊಳ್ಳಲಿಕ್ಕೆ ಎಂದೆ. ಕದಿಯುವವರು ಇಲ್ಲವೇ ಎಂದರು. ಇಲ್ಲ ಎಂದೆ. ಮರ ಎಲ್ಲಿಂದ ತರುತ್ತಾರೆ ಎಂದರು. ಅವರವರ ತೋಪಿನಿಂದ, ಒಂದು ಕಡಿದರೆ ಒಂದು ನೆಡುತ್ತಾರೆ ಎಂದು ನನಗೆ ತೋಚಿದ್ದು ಹೇಳಿದೆ. ಅವರು ಕಿಟಕಿಯಿಂದ ಕಣ್ಣು ತೆಗೆಯದೆ, ಇವರಿಗೆ ಸಸಿ ಯಾವ ತಿಂಗಳಲ್ಲಿ ಕೊಡುತ್ತಾರೋ ಎಂದರು. ನನಗೆ ನಗು ಬಂತು. ಅವರು ನಗಲಿಲ್ಲ.

ಹೋಟೆಲಿನಲ್ಲಿ ಅವರ ಕೋಣೆಯ ಬಾಗಿಲಿಗೆ ಬೀಗದ ಕೈ ಇರಲಿಲ್ಲ, ಒಂದು ಕಾರ್ಡು. ಬೆಳಗ್ಗೆ ಆರಕ್ಕೆ ಅವರು ಬಾಗಿಲು ಎಳೆದುಕೊಂಡು ಹೊರಗೆ ಬಂದಿದ್ದಾರೆ, ಕಾರ್ಡು ಒಳಗೇ ಉಳಿದಿದೆ. ನನ್ನ ಕೋಣೆ ಯಾವುದೆಂದು ಗೊತ್ತಿಲ್ಲ. ಮೆಟ್ಟಿಲ ಮೇಲೆ ಕೂತವರನ್ನು ಕಸ ಗುಡಿಸಲು ಬಂದ ಹೆಂಗಸು ಕಂಡು, ಅಡುಗೆಮನೆಗೆ ಕರೆದೊಯ್ದು ಬಿಸಿ ಹಾಲು ಕೊಟ್ಟಿದ್ದಾಳೆ. ನಾನು ಹುಡುಕಿಕೊಂಡು ಹೋದಾಗ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದ ಭಾಷೆಯಲ್ಲಿ ಮಂಡಿನೋವಿನ ವಿಚಾರ ಮಾತಾಡುತ್ತಿದ್ದರು. ಇಬ್ಬರಿಗೂ ಚೆನ್ನಾಗಿಯೇ ಅರ್ಥವಾಗುತ್ತಿತ್ತು.

ಸಭೆಯ ದಿನ

ಸಭಾಂಗಣದ ವೇದಿಕೆಯ ಹಿಂದೆ ಒಂದು ಉದ್ದನೆಯ ಬ್ಯಾನರು, ಅದರ ತುಂಬ ಕಂಪನಿಗಳ ಮತ್ತು ಪರಿಸರ ಸಂಸ್ಥೆಗಳ ಗುರುತುಗಳು ಒಂದರ ಪಕ್ಕ ಒಂದು. ನಮ್ಮ ಮುಖ್ಯ ಕಚೇರಿಯ ದೊಡ್ಡ ಸಾಹೇಬರು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರಿಗೆ ಕನ್ನಡ ಬಾರದು, ಆದರೆ ಕೆಟ್ಟ ಮನುಷ್ಯರೇನಲ್ಲ. ಹಿಂದಿನ ದಿನ ಚಿಕ್ಕತಾಯಮ್ಮನಿಗೆ ತಾವೇ ಹೋಗಿ ಉಣ್ಣೆಯ ಶಾಲು ತಂದುಕೊಟ್ಟಿದ್ದರು.

ಚಿಕ್ಕತಾಯಮ್ಮ ಏನು ಹೇಳಬೇಕೆಂದು ನಾನು ಹುಣಸೂರಿನಲ್ಲೇ ಹೇಳಿಕೊಟ್ಟಿದ್ದೆ. ಅದರ ಇಂಗ್ಲಿಷು ಮುಖ್ಯ ಕಚೇರಿಯಲ್ಲಿ ಟೈಪಾಗಿ ನನ್ನ ಜೇಬಿನಲ್ಲಿತ್ತು. ಅವರು ಒಂದು ಮಾತು ಆಡಬೇಕು, ನಾನು ಒಂದು ಸಾಲು ಓದಬೇಕು. ಅಷ್ಟೇ ಕೆಲಸ.

ಅವರು ಮೈಕಿನ ಮುಂದೆ ನಿಂತು ಕೈಮುಗಿದರು. ಮೊದಲ ಮಾತು ಹೇಳಿಕೊಟ್ಟದ್ದೇ ಆಗಿತ್ತು, ಎಲ್ಲರಿಗೂ ನಮಸ್ಕಾರ. ಆಮೇಲೆ ಅವರು ನನ್ನ ಕಡೆ ನೋಡಲೇ ಇಲ್ಲ. ಸಭೆಯ ಕಡೆ ನೋಡುತ್ತ, ಸಂಘದ ಹೆಂಗಸರ ಮುಂದೆ ಮಾತಾಡುವ ಹಾಗೆ ನಿಧಾನವಾಗಿ ಶುರುಮಾಡಿದರು.

“ಸಸಿ ಕೊಡ್ತಾರೆ, ಕೊಡಲ್ಲ ಅನ್ನಲ್ಲ. ಆದ್ರೆ ಆಗಸ್ಟ್ನಲ್ ಕೊಡ್ತಾರೆ. ಆಗ ನಾವು ಸೊಪ್ಪು ಮುರೀತಿರ್ತೀವಿ, ಬ್ಯಾರನ್ಗೆ ಬೆಂಕಿ ಆಕಿರ್ತೀವಿ. ಗುಂಡಿ ತೋಡೋಕೆ ಯಾರ್ಗೂ ಪುರುಸೊತ್ತಿಲ್ಲ, ಮಳೆನೂ ಹಿಂದಾಗಿರ್ತದೆ. ಮುಕ್ಕಾಲು ಪಾಲು ಒಣ್ಗೋಯ್ತವೆ. ಜೂನ್ ತಿಂಗ್ಳಲ್ ಕೊಡಿ. ನೀಲಗಿರಿ ಬ್ಯಾಡ, ಒಂಗೆ ಕೊಡಿ, ಬೇವು ಕೊಡಿ. ಇದೊಂದ್ ಕೇಳವಾ ಅಂತ್ಲೇ ಇಷ್ಟ್ ದೂರ ಬಂದೆ.”

ಸಸಿ ಹಂಚುವುದು ಆಗಸ್ಟ್ ತಿಂಗಳಲ್ಲಿ ಯಾಕೆ ಎಂದು ನನಗೆ ಗೊತ್ತಿತ್ತು. ಆಗ ಮೇಲಿನವರು ಹುಣಸೂರಿಗೆ ಬರುತ್ತಾರೆ, ಸಮಾರಂಭ ಇರುತ್ತದೆ, ಫೋಟೋ ತೆಗೆಯುತ್ತಾರೆ.

ಚಿಕ್ಕತಾಯಮ್ಮ ನಿಲ್ಲಿಸಿ ನನ್ನತ್ತ ತಿರುಗಿದರು. ಸಭೆಯೂ ನನ್ನತ್ತ ತಿರುಗಿತು. ದೊಡ್ಡ ಸಾಹೇಬರು ಕಾಲಮೇಲೆ ಕಾಲು ಹಾಕಿಕೊಂಡು ನಗುಮುಖದಲ್ಲಿ ಕಾಯುತ್ತಿದ್ದರು. ನಾನು ಜೇಬಿನಿಂದ ಹಾಳೆ ತೆಗೆದು ಓದಿದೆ. ಕಂಪನಿ ಕೊಟ್ಟ ಗಿಡಗಳು ನನ್ನ ಮಕ್ಕಳಿದ್ದ ಹಾಗೆ. ಅವು ಬೆಳೆದಂತೆ ನಮ್ಮ ಬದುಕೂ ಬೆಳೆಯಿತು. ನಮ್ಮ ಬ್ಯಾರನ್ನಿಗೆ ಈಗ ಹೊರಗಿನ ಮರ ಬೇಕಿಲ್ಲ. ಹೀಗೆ ಅರ್ಧ ಪುಟ. ನನ್ನ ದನಿ ನಡುಗಲಿಲ್ಲ, ಅದನ್ನು ನಾನು ಮರೆತಿಲ್ಲ.

ಜೋರು ಚಪ್ಪಾಳೆ ಬಿತ್ತು. ಚಿಕ್ಕತಾಯಮ್ಮನ ಮುಖ ಅರಳಿತು.

ಆಗ ಎರಡನೆಯ ಸಾಲಿನಿಂದ ಬೆಳ್ಳಿಕೂದಲಿನ ಹೆಂಗಸೊಬ್ಬರು ಎದ್ದು ನಿಂತರು. ಯಾವುದೋ ಕಾಡಿನ ಸಂಸ್ಥೆಯವರು. ಬೆಳಗಿನಿಂದ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ನಿಮ್ಮ ಹೊಲದ ಮರಗಳಲ್ಲಿ ನಿಮಗೆ ಬಹಳ ಇಷ್ಟವಾದದ್ದು ಯಾವುದು ಎಂದು ಅವರು ಕೇಳಿದರು. ಅದನ್ನು ಕನ್ನಡದಲ್ಲಿ ಸರಿಯಾಗಿಯೇ ಕೇಳಿದೆ.

“ನಮ್ಮತ್ತೆ ನೆಟ್ಟಿದ್ದ ಉಣ್ಸೆ ಮರ,” ಎಂದರು ಚಿಕ್ಕತಾಯಮ್ಮ. “ಈಗಿಲ್ಲ. ಸೌದೆ ಸಾಲ್ದೆ ಓದ್ ವರ್ಸ ಕಡ್ದು ಬ್ಯಾರನ್ಗೆ ಆಕುದ್ವಿ. ಮೂರ್ ದಿನ ಉರೀತು.”

ಇದಕ್ಕೆ ಹಾಳೆಯಲ್ಲಿ ಉತ್ತರ ಇರಲಿಲ್ಲ. ಅಲ್ಲಿಯವರೆಗೆ ನಾನು ಓದಿದ್ದು ಬೇರೆಯವರು ಬರೆದದ್ದು ಎಂದಾದರೂ ಹೇಳಿಕೊಳ್ಳಬಹುದಿತ್ತು. ಈಗ ಬಾಯಿ ಬಿಟ್ಟವನು ನಾನೇ. ಇವರಿಗೆ ಇಷ್ಟವಾದದ್ದು ಅತ್ತೆ ನೆಟ್ಟ ಹುಣಸೆ ಮರ, ಕಂಪನಿಯ ಸಸಿಗಳು ಬಂದದ್ದರಿಂದ ಆ ಮರ ಉಳಿಯಿತು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಯೋಚಿಸಲು ಒಂದು ಕ್ಷಣವೂ ಹಿಡಿಯಲಿಲ್ಲ. ಆ ಬೆಳ್ಳಿಕೂದಲಿನ ಹೆಂಗಸು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅದನ್ನು ಕಂಡ ಚಿಕ್ಕತಾಯಮ್ಮನ ಕಣ್ಣೂ ತುಂಬಿತು. ಮರ ಹೋದದ್ದಕ್ಕೆ ಯಾರೋ ಇಷ್ಟು ದೂರದವರು ಅಳುತ್ತಿದ್ದಾರೆ ಎಂದುಕೊಂಡರು.

ಕೆಳಗಿಳಿಯುವಾಗ ಅವರು ನನ್ನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದರು. “ನೋಡುದ್ರಾ ಸಾರ್, ನೀವ್ ಎದುರ್ಕೊತಿದ್ರಿ. ಮನ್ಸ ಬಿಚ್ಚಿ ಯೋಳುದ್ರೆ ಎಲ್ಲಾರೂ ಕೇಳ್ತಾರೆ.”

ಪೇಮಾಳ ಮನೆ

ಕಾಫಿಯ ಹೊತ್ತಿನಲ್ಲಿ, ವೇದಿಕೆಗೆ ನೀರಿನ ಲೋಟ ತಂದಿಡುತ್ತಿದ್ದ ಹೆಂಗಸು ಚಿಕ್ಕತಾಯಮ್ಮನ ಮುಂದೆ ಬಂದು ನಿಂತಳು. ಮೂವತ್ತೈದರ ಸುಮಾರು, ಕಪ್ಪು ಕೋಟು, ಅಗಲ ಮುಖ. “ಅಮ್ಮ, ಗುರುಪುರದ ಕಡೆಯೋರಾ?” ಎಂದಳು.

ಚಿಕ್ಕತಾಯಮ್ಮ ಕೈಯಲ್ಲಿದ್ದ ಬಿಸ್ಕತ್ತನ್ನು ನನ್ನ ಕೈಗೆ ಕೊಟ್ಟು ಅವಳ ಎರಡೂ ಕೈ ಹಿಡಿದುಕೊಂಡರು. ಹೆಸರು ಪೇಮಾ. ಗುರುಪುರದ ಟಿಬೆಟನ್ ಕ್ಯಾಂಪಿನಲ್ಲಿ ಹುಟ್ಟಿದವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಅವಳಪ್ಪ ಮುಸುಕಿನ ಜೋಳ ಬೆಳೆಯುತ್ತಿದ್ದದ್ದು, ಚಿಕ್ಕತಾಯಮ್ಮನ ಊರಿನಿಂದ ಉಳುವ ಎತ್ತು ಕೊಂಡದ್ದು, ಎಲ್ಲ ಅಲ್ಲೇ ಹೊರಬಿತ್ತು. ಎತ್ತಿನ ಬಣ್ಣ ಯಾವುದು ಎಂದು ಇಬ್ಬರೂ ವಾದ ಮಾಡಿದರು. ಸಂಜೆ ಮನೆಗೆ ಬರಲೇಬೇಕು ಎಂದು ಪೇಮಾ ಹಟ ಹಿಡಿದಳು.

ಎರಡು ಕೋಣೆಯ ಮನೆ. ಅನ್ನ, ಕಾಳಿನ ಸಾರು ಮಾಡಿದ್ದಳು. ಹುಣಸೆಹಣ್ಣು ಸಿಗುವುದಿಲ್ಲ, ನಿಂಬೆರಸ ಹಿಂಡಿದ್ದೇನೆ ಎಂದಳು. ಚಿಕ್ಕತಾಯಮ್ಮ ಗಂಟು ಬಿಚ್ಚಿ ಹುರುಳಿಕಾಳಿನ ಚಟ್ನಿಪುಡಿ ಕೊಟ್ಟರು. ಪೇಮಾ ಅದನ್ನು ಬೊಗಸೆಯಲ್ಲಿ ಹಿಡಿದು ಮೂಸಿ ನೋಡಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.

ಊಟವಾದ ಮೇಲೆ ಚಿಕ್ಕತಾಯಮ್ಮ ಪೇಮಾಳ ಮಗಳ ಪಕ್ಕ ಕೂತು ಟಿವಿ ನೋಡುತ್ತಿದ್ದರು. ನಾನು ತಟ್ಟೆ ಇಡಲು ಅಡುಗೆಮನೆಗೆ ಹೋದೆ. ಪೇಮಾ ನಲ್ಲಿ ನಿಲ್ಲಿಸಿದಳು.

“ಸಾರ್, ನೀರಿಡೋಕೆ ನಾನು ಅಲ್ಲೇ ನಿಂತಿದ್ದೆ. ಅಮ್ಮ ಹೇಳಿದ್ದು ಒಂದು, ನೀವು ಹೇಳಿದ್ದು ಒಂದು.”

ನಾನು ಕೆಲಸದ ಮೇಲೆ ಬಂದವನು, ನನ್ನ ಕೈಯಲ್ಲಿ ಏನಿದೆ ಎಂದೆ.

“ನಾನೂ ಕೆಲಸದ ಮೇಲೇ ನಿಂತಿದ್ದೆ. ಅದಕ್ಕೇ ಅಲ್ಲಿ ಬಾಯಿ ಬಿಡ್ಲಿಲ್ಲ,” ಎಂದಳು. ಅವಳಿಗೆ ಸಿಟ್ಟು ಇರಲಿಲ್ಲ. ಒದ್ದೆ ಕೈ ಒರೆಸಿಕೊಳ್ಳುತ್ತ, “ಅಮ್ಮನಿಗೆ ನಾನು ಹೇಳಲ್ಲ. ನೀವೇ ಹೇಳಿ. ಊರು ಸೇರೋದ್ರೊಳಗೆ ಹೇಳ್ಬಿಡಿ, ಆಮೇಲೆ ಆಗಲ್ಲ,” ಎಂದಳು.

ಹೇಳುತ್ತೇನೆ ಎಂದೆ.

ವಾಪಸು ದಾರಿ

ರೈಲಿನಲ್ಲಿ ಹೇಳೋಣ ಎಂದುಕೊಂಡೆ. ಚಿಕ್ಕತಾಯಮ್ಮ ಸೌದೆ ರಾಶಿಗಳನ್ನು ನೋಡುತ್ತ ಖುಷಿಯಲ್ಲಿದ್ದರು. ವಿಮಾನದಲ್ಲಿ ಹೇಳೋಣ ಎಂದುಕೊಂಡೆ. ಅವರು ನಿದ್ದೆ ಹೋದರು, ತಲೆ ನನ್ನ ಭುಜದ ಮೇಲೆ ಬಂತು. ಬೆಂಗಳೂರಿನಿಂದ ಜೀಪಿನಲ್ಲಿ ಹೊರಟು ಮಂಡ್ಯ ದಾಟಿ, ಮೈಸೂರು ದಾಟಿ, ಬಿಳಿಕೆರೆ ದಾಟಿದೆವು. ಪ್ರತಿ ಊರು ಬಂದಾಗಲೂ ಮುಂದಿನ ಊರು ಎಂದುಕೊಂಡೆ. ಹುಣಸೂರಿನ ಸೇತುವೆ ಬಂತು. ಡ್ರೈವರ್ ಮುಂದೆ ಯಾಕೆ ಎಂದುಕೊಂಡೆ.

ಅವರ ಊರಿನ ಹಾಲಿನ ಡೈರಿಯ ಮುಂದೆ ಸಂಘದ ಹೆಂಗಸರು ಸೇರಿದ್ದರು. ಜೀಪಿನಿಂದ ಇಳಿಯುತ್ತಲೇ ಚಿಕ್ಕತಾಯಮ್ಮ, ಒಪ್ಕೊಂಡವ್ರೆ ಕಣ್ರವ್ವಾ, ಜೂನ್ಗೇ ಕೊಡ್ತಾರೆ ಎಂದರು. ಹೆಂಗಸರು ನನ್ನ ಮುಖ ನೋಡಿದರು. ನಾನು ನಕ್ಕೆ. ಅದನ್ನು ಅವರು ಹೌದು ಎಂದು ತಿಳಿದರು.

ಜೂನ್ ತಿಂಗಳು

ಚಳಿಗಾಲ ಕಳೆಯಿತು, ಬೇಸಿಗೆ ಕಳೆಯಿತು. ನಾನು ಆ ಊರಿನ ಕಡೆ ಹೋಗುವುದನ್ನು ಕಡಿಮೆ ಮಾಡಿದ್ದೆ. ಪಿರಿಯಾಪಟ್ಟಣದ ಕಡೆ ಕೆಲಸ ಹೆಚ್ಚಾಗಿದೆ ಎಂದು ನೆಪ ಹೇಳುತ್ತಿದ್ದೆ. ಸಸಿಯ ವಿಚಾರ ಮೇಲಿನವರಿಗೆ ಒಮ್ಮೆ ಬಾಯಿಮಾತಿನಲ್ಲಿ ಹೇಳಿ ನೋಡಿದೆ. ಸಮಾರಂಭದ ತಾರೀಖು ನಿಗದಿಯಾಗಿದೆ, ಈಗೇನು ಮಾಡಲಾಗದು ಎಂದರು. ಎರಡನೆಯ ಸಲ ಹೇಳಲಿಲ್ಲ.

ಜೂನ್‌ನಲ್ಲಿ ಒಕ್ಕೂಟದ ಪುಸ್ತಕ ಬಂತು. ನುಣ್ಣನೆಯ ಕಾಗದ, ಬಣ್ಣದ ಚಿತ್ರಗಳು. ಒಂದು ಪುಟದ ತುಂಬ ಚಿಕ್ಕತಾಯಮ್ಮ, ಮೈಕಿನ ಮುಂದೆ ಕೈಮುಗಿದು ನಿಂತಿದ್ದಾರೆ. ಅದನ್ನು ಅವರಿಗೆ ತಲುಪಿಸಿ, ಕೈಯಲ್ಲಿ ಹಿಡಿಸಿ ಇನ್ನೊಂದು ಫೋಟೋ ತೆಗೆದು ಕಳಿಸಬೇಕೆಂದು ನನಗೆ ಆದೇಶವಾಯಿತು.

ನಾನು ಹೋದಾಗ ಅವರು ಹೊಲದಲ್ಲಿದ್ದರು. ಹೊಗೆಸೊಪ್ಪಿನ ನಾಟಿ ಮುಗಿದಿತ್ತು. ಬದುವಿನ ಉದ್ದಕ್ಕೂ ಗುಂಡಿಗಳು. ಮೊಣಕಾಲುದ್ದ ಆಳ, ಪಕ್ಕದಲ್ಲಿ ಗೊಬ್ಬರದ ಗುಡ್ಡೆ. ಅವರ ಬದು ಮಾತ್ರವಲ್ಲ, ಪಕ್ಕದ ಹೊಲದಲ್ಲೂ, ಅದರಾಚೆಯ ಹೊಲದಲ್ಲೂ. ಇಡೀ ಸಂಘದವರು ತೋಡಿಟ್ಟಿದ್ದರು. ಹಿಂದಿನ ದಿನದ ಮಳೆನೀರು ಒಂದೊಂದರಲ್ಲೂ ನಿಂತಿತ್ತು.

ಸಸಿಯ ಲಾರಿ ಯಾವತ್ತು ಬರುತ್ತದೆ ಎಂದು ಕೇಳಿದರು. ನಾನು ಪುಸ್ತಕ ಕೊಟ್ಟೆ. ಕೈಯನ್ನು ಸೀರೆಗೆ ಒರೆಸಿಕೊಂಡು ತೆಗೆದುಕೊಂಡರು. ತಮ್ಮ ಚಿತ್ರ ನೋಡಿ ನಕ್ಕರು. ಅದರ ಕೆಳಗಿನ ಅಕ್ಷರಗಳ ಮೇಲೆ ಬೆರಳಿಟ್ಟರು.

“ಇಲ್ಲಿ ಏನ್ ಬರ್ದವ್ರೆ, ಓದಿ ಸಾರ್.”

ಮತ್ತೊಂದು ಸುಳ್ಳು ಹೇಳಬಹುದಿತ್ತು, ಬಾಯಿಗೂ ಬಂದಿತ್ತು. ಆ ಗುಂಡಿಗಳ ನಡುವೆ ನಿಂತು ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಓದಿದೆ. ಗಿಡಗಳು ಮಕ್ಕಳಿದ್ದ ಹಾಗೆ ಎಂಬುದನ್ನು ಓದಿದೆ. ಅತ್ತೆ ನೆಟ್ಟ ಹುಣಸೆ ಮರ ಉಳಿಯಿತು ಎಂಬುದನ್ನೂ ಓದಿದೆ.

ಅವರು ತಡೆದು, ತಪ್ಪು ಬರೆದಿದ್ದಾರಲ್ಲ, ಮರ ಹೋಯಿತು ಎಂದಲ್ಲವೇ ನಾನು ಹೇಳಿದ್ದು ಎಂದರು. ಅವರು ತಪ್ಪು ಬರೆದಿಲ್ಲ, ತಪ್ಪು ಹೇಳಿದವನು ನಾನು ಎಂದೆ. ಹಾಳೆಯ ವಿಚಾರ ಹೇಳಿದೆ. ಹಾಳೆಯಲ್ಲಿ ಇಲ್ಲದ್ದನ್ನು ನಾನೇ ಕಟ್ಟಿ ಹೇಳಿದ್ದನ್ನೂ ಹೇಳಿದೆ. ಜೂನ್‌ನಲ್ಲಿ ಸಸಿ ಬರುವುದಿಲ್ಲ, ಅಲ್ಲಿ ಯಾರಿಗೂ ನಿಮ್ಮ ಕೋರಿಕೆ ತಲುಪಲೇ ಇಲ್ಲ ಎಂದೆ. ಹೇಳುತ್ತ ಹೇಳುತ್ತ ನಾನು ಅವರ ಮುಖ ಬಿಟ್ಟು ಗುಂಡಿಯಲ್ಲಿದ್ದ ನೀರನ್ನೇ ನೋಡುತ್ತಿದ್ದೆ.

“ಮತ್ತೆ ಚಪ್ಪಾಳೆ ತಟ್ಟುದ್ದು ಯಾತುಕ್ಕೆ?” ಎಂದರು.

ನಾನು ಹೇಳಿದ್ದಕ್ಕೆ ಎಂದೆ.

ಪುಸ್ತಕ ಮುಚ್ಚಿದರು. “ಆ ಪೇಮಾಗೆ ಗೊತ್ತಾಗಿತ್ತಾ?” ಎಂದು ಕೇಳಿದರು.

ಗೊತ್ತಾಗಿತ್ತು ಎಂದೆ.

“ಅಂಗಾದ್ರೆ ನನ್ಗೊಬ್ಳಿಗೇ ಗೊತ್ತಿರ್ನಿಲ್ಲ ಅನ್ನಿ.”

ಬೈದಿದ್ದರೆ ನಿಂತು ಬೈಸಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಪುಸ್ತಕವನ್ನು ನನ್ನ ಕೈಗೇ ಕೊಟ್ಟು, ಸಂಘದವರಿಗೆ ಏನು ಹೇಳಲಿ ಎಂದು ತಮ್ಮಷ್ಟಕ್ಕೇ ಅಂದುಕೊಂಡು ಗುದ್ದಲಿ ಎತ್ತಿಕೊಂಡು ಮನೆಯ ಕಡೆ ನಡೆದರು. ಫೋಟೋ ತೆಗೆಯಲು ತಂದ ಕ್ಯಾಮೆರಾ ನನ್ನ ಹೆಗಲಲ್ಲೇ ಇತ್ತು.

ಆ ವಾರವೇ ಒಕ್ಕೂಟದವರಿಗೆ ಒಂದು ಪತ್ರ ಬರೆದೆ. ಚಿಕ್ಕತಾಯಮ್ಮ ಅಂದು ಆಡಿದ್ದನ್ನು ಆಡಿದ ಹಾಗೆಯೇ ಬರೆದು, ತಪ್ಪು ನನ್ನದೆಂದು ಕೆಳಗೆ ಸಹಿ ಹಾಕಿದೆ. ತಿಂಗಳ ಮೇಲೆ ಉತ್ತರ ಬಂತು. ಪತ್ರಕ್ಕೆ ವಂದನೆಗಳು, ವಿಷಯವನ್ನು ನಮ್ಮ ಪಾಲುದಾರ ಕಂಪನಿಗೆ ಕಳಿಸಿದ್ದೇವೆ ಎಂದಿತ್ತು. ಪಾಲುದಾರ ಕಂಪನಿ ಎಂದರೆ ನಾವೇ. ನನ್ನ ಪತ್ರ ಜೂರಿಚ್ ಸುತ್ತಿ ಹುಣಸೂರಿನ ನನ್ನ ಮ್ಯಾನೇಜರ ಮೇಜಿಗೆ ಬಂದಿತ್ತು. ಅವರು ಅದನ್ನು ತಂದು ನನ್ನ ಮುಂದಿಟ್ಟು ಹೋದರು. ಆಮೇಲೆ ಯಾವ ಸಭೆಗೂ ನನ್ನನ್ನು ಕರೆಯಲಿಲ್ಲ. ಅದರಿಂದ ನನಗೆ ದುಃಖವೇನೂ ಆಗಲಿಲ್ಲ.

ಮಾರನೆಯ ವರ್ಷ

ಪತ್ರದಿಂದಲೋ, ಬೇರೆ ಊರಿನವರೂ ಕೇಳತೊಡಗಿದ್ದರಿಂದಲೋ ತಿಳಿಯದು, ಮಾರನೆಯ ವರ್ಷ ಸಸಿಯ ಲಾರಿ ಜುಲೈ ಮೊದಲ ವಾರದಲ್ಲೇ ಹೊರಟಿತು. ಅರ್ಧ ನೀಲಗಿರಿ, ಅರ್ಧ ಹೊಂಗೆ. ಲಾರಿಯ ಜೊತೆ ನಾನು ಹೋದೆ.

ಸಂಘದ ಹೆಂಗಸರು ಸಾಲಾಗಿ ನಿಂತು ಸಸಿ ಇಳಿಸಿಕೊಂಡರು. ಚಿಕ್ಕತಾಯಮ್ಮ ಒಂದೊಂದನ್ನೂ ಬೆಳಕಿಗೆ ಹಿಡಿದು, ಬೇರು ನೋಡಿ ಕೆಳಗಿಡುತ್ತಿದ್ದರು. ನನಗೆ ಮಜ್ಜಿಗೆ ಕೊಟ್ಟರು. ಮನೆಯವರು ಹೇಗಿದ್ದಾರೆ ಎಂದು ವಿಚಾರಿಸಿದರು, ಮೊದಲಿನ ಹಾಗೆ ಸಾರ್ ಎಂದೇ ಕರೆದರು. ನನಗೆ ಕೊಂಚ ಹಗುರಾಯಿತು.

ಲಾರಿ ಖಾಲಿಯಾದ ಮೇಲೆ ಅವರು ನನ್ನನ್ನು ದಾಟಿ ಡ್ರೈವರ್ ಹತ್ತಿರ ಹೋದರು. ಮುಂದಿನ ವರ್ಷ ಇನ್ನೂ ಹದಿನೈದು ದಿನ ಮುಂಚೆ ಬೇಕು, ನೀಲಗಿರಿ ಒಂದೂ ಬೇಡ, ಆಫೀಸಿನವರಿಗೆ ಹೇಳು ಎಂದು ಅವನಿಗೆ ನಿಧಾನವಾಗಿ ಹೇಳಿದರು. ಏನು ಹೇಳುತ್ತೀಯೋ ಒಂದು ಸಲ ಹೇಳು ನೋಡೋಣ ಎಂದು ಅವನ ಬಾಯಲ್ಲಿ ತಿರುಗಿ ಹೇಳಿಸಿಕೊಂಡರು. ಅವನು ಒಂದು ಕಡೆ ತಪ್ಪಿದ. ತಿದ್ದಿದರು. ನಾನು ಎರಡು ಮಾರು ದೂರದಲ್ಲಿ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದೆ.